ಬಾಳಿನ ಹುರುಳು: ಜಪಾನಿನ ಮಾತೂ ಕೋಟೆಯ ಕಾಡೂ

ಜಪಾನೀಯರ ಭಾಷೆಯಲ್ಲಿ 'ಇಕಿಗಾಯ್' ಎಂಬುದೊಂದು ಪದವುಂಟು. 'ಇಕಿ' ಎಂದರೆ ಬಾಳು. 'ಗಾಯ್' ಎಂದರೆ ಬೆಲೆ, ಹುರುಳು. ಯಾವುದರ ದೆಸೆಯಿಂದ ಮನುಷ್ಯನಿಗೆ ಬದುಕಿರುವುದು ಸಾರ್ಥಕವೆನ್ನಿಸುವುದೋ ಅದೇ ಅವನ ಇಕಿಗಾಯ್. 2016ರಲ್ಲಿ ಸ್ಪೇನ್ ದೇಶದ ಲೇಖಕರಿಬ್ಬರು ಈ ಹೆಸರಿನಿಂದ ಪ್ರಕಟಿಸಿದ ಪುಸ್ತಕವು ನಮ್ಮ ಪಟ್ಟಣಗಳ ವಿದ್ಯಾವಂತರ ಮೇಜುಗಳ ಮೇಲೂ ಬಂದು ಕುಳಿತಿದೆ. ಅದರೊಡನೆ ನಾಲ್ಕು ವೃತ್ತಗಳ ಚಿತ್ರವೊಂದು ಸಂಚರಿಸುತ್ತಿರುವುದನ್ನು ವಾಚಕರು ನೋಡಿರಬಹುದು. ತನಗೆ ಪ್ರಿಯವಾದುದು, ತನಗೆ ಬಲ್ಲುದು, ಲೋಕಕ್ಕೆ ಬೇಕಾದುದು, ಸಂಬಳ ತರುವುದು, ಇವು ನಾಲ್ಕೂ ಕೂಡುವಲ್ಲಿ ಬಾಳಿನ ಉದ್ದೇಶವಿದೆಯೆಂದು ಅದು ಹೇಳುತ್ತದೆ. ಆದರೆ ಆ ಚಿತ್ರವು ಜಪಾನಿನದಲ್ಲ; ಬೇರೊಂದು ಚಿತ್ರಕ್ಕೆ 2014ರಲ್ಲಿ ಪಾಶ್ಚಾತ್ಯನೊಬ್ಬನು ಅಂಟಿಸಿದ ಹೆಸರು ಮಾತ್ರ ಜಪಾನಿನದು. ಸಂಬಳದ ವೃತ್ತವು ಅದರೊಳಕ್ಕೆ ನುಸುಳಿದ ಬಗೆ ಇದರಿಂದಲೇ ವಿದಿತವಾಗುವುದು.

ಆ ಪದದ ನಿಜವಾದ ಅರ್ಥವನ್ನು ಅರಸಿದವರು ಮಿಯೆಕೊ ಕಮಿಯಾ ಎಂಬ ಮಹಿಳೆ. ಆಕೆ ಮನೋವೈದ್ಯೆ. ಸಮುದ್ರದ ನಡುವಣ ನಾಗಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ವರ್ಷಗಳ ಕಾಲ ಸೇವೆಗೈದು, 1966ರಲ್ಲಿ ಇಕಿಗಾಯ್ ಕುರಿತು ಗ್ರಂಥವನ್ನು ಬರೆದರು. ಮನೆಮಠಗಳಿಂದ ಅಗಲಿಸಲ್ಪಟ್ಟು, ಬೆರಳುಗಳನ್ನೂ ಕೆಲವರು ಕಣ್ಣುಗಳನ್ನೂ ಕಳೆದುಕೊಂಡಿದ್ದ ಆ ಜನರಲ್ಲಿ ಬದುಕು ಬರಿದೆಂದು ಕೊರಗುವವರು ಬಹುಮಂದಿ ಇದ್ದಾಗ್ಯೂ, ಹೃದಯತುಂಬಿ ಬಾಳುವವರೂ ಇದ್ದರು. ಈ ಭೇದಕ್ಕೆ ಕಾರಣವೇನೆಂಬುದೇ ಆಕೆಯ ಪ್ರಶ್ನೆ. ಅಲ್ಲಿ ಸಂಬಳದ ಮಾತೆಲ್ಲಿಂದ ಬರಬೇಕು? ಜಪಾನಿನ ಒಸಾಕಿ ಪ್ರಾಂತದಲ್ಲಿ 43,391 ಜನರನ್ನು 1994ರಿಂದ ಏಳು ವರ್ಷಗಳವರೆಗೆ ಗಮನಿಸಿದ ವಿದ್ವಾಂಸರು, ತಮಗೆ ಇಕಿಗಾಯ್ ಇಲ್ಲವೆಂದವರಲ್ಲಿ ಮರಣವು ಅಧಿಕವಾಗಿತ್ತೆಂದು 2008ರಲ್ಲಿ ಪ್ರಕಟಿಸಿದರು. ಹೀಗಿರುವಲ್ಲಿ ಇದನ್ನು ಬಿಡುವಿನ ವೇಳೆಯ ವಿನೋದವೆಂದೆಣಿಸಲಾಗದು.

ಇದರ ನಿದರ್ಶನಕ್ಕಾಗಿ ನಾವು ಸಮುದ್ರವನ್ನು ದಾಟಬೇಕಾದುದಿಲ್ಲ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಶ್ರೀ ಆರ್. ಬಾಲಸುಬ್ರಹ್ಮಣ್ಯಂ ಅವರು, ವಿವೇಕಾನಂದರ ಬರೆಹಗಳಿಂದ ಪ್ರೇರಿತರಾಗಿ, ಸಹಪಾಠಿಗಳೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪದವೀಧರರಾದ ಬಳಿಕ 1987ರಲ್ಲಿ ಹೆಗ್ಗಡದೇವನಕೋಟೆಯ ಸೀಮೆಯ ಬ್ರಹ್ಮಗಿರಿ ಹಾಡಿಗೆ ಹೋಗಿ ಚಿಕಿತ್ಸಾಲಯವನ್ನು ತೆರೆದರು. ಕ್ರಮೇಣ ಕೆಂಚನಹಳ್ಳಿಯಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಗಿರಿಜನರ ಮಕ್ಕಳಿಗೆ ಪಾಠಶಾಲೆ, ಸರಗೂರಿನಲ್ಲಿ ದೊಡ್ಡ ಆಸ್ಪತ್ರೆ ತಲೆಯೆತ್ತಿದವು. ಪಟ್ಟಣದಲ್ಲಿ ವೃತ್ತಿ ಹಿಡಿದಿದ್ದರೆ ದೊರೆಯಬಹುದಾಗಿದ್ದ ಸಂಪಾದನೆಯೇನೆಂಬುದನ್ನು ನಮ್ಮ ವಾಚಕರೇ ಲೆಕ್ಕ ಹಾಕಿಕೊಳ್ಳಬಲ್ಲರು. ಆ ತರುಣರು ಮೊದಲು ತಮ್ಮ ಉದ್ದೇಶವನ್ನು ಶೋಧಿಸಿಕೊಂಡು ಅನಂತರ ಕಾಡಿಗೆ ಹೊರಟವರಲ್ಲವೆಂದು ನಮಗೆ ತೋರುತ್ತದೆ. ಅಲ್ಲಿಗೆ ಹೋಗಿ ನಿಂತ ಮೇಲೆ ಉದ್ದೇಶವು ತಾನಾಗಿ ಅವರನ್ನು ಹಿಡಿದುಕೊಂಡಿತು. ವೃತ್ತಗಳನ್ನು ಗೀಚುತ್ತ ಕುಳಿತ ನಮ್ಮ ಯುವಕರು ಈ ಕ್ರಮವನ್ನು ಮನನ ಮಾಡಬೇಕು.

ಆದರೆ ಅವರು ಸೇವೆಗೈಯಲು ಹೋದ ಜನರ ಕಥೆಯೇನು? ಜೇನುಕುರುಬರು, ಕಾಡುಕುರುಬರು, ಯರವರು ಇವರಿಗೆ ಬಾಳಿನ ಹುರುಳನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಮರದ ಮೇಲಣ ಜೇನು, ನೆಲದೊಳಗಣ ಗೆಡ್ಡೆ, ಹಿರಿಯರ ಗುಡಿ, ಇವೆಲ್ಲ ಅವರ ಕಾಡಿನಲ್ಲಿಯೇ ಇದ್ದುವು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಪಿಲಾ ನದಿಗೆ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಿತು. ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾಯಿತು. ಹಾಡಿಗಳು ಅಂಚಿಗೆ ಬಂದುವು, ಹಲವರು ಕೂಲಿಗೆ ಕೊಡಗಿನ ಕಾಫಿ ತೋಟಗಳನ್ನು ಹಿಡಿದರು. ಹುಲಿಯ ರಕ್ಷಣೆಯನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಅದೇ ನಾಗರಹೊಳೆಯಲ್ಲಿ ಹೋಟೆಲ್ ಕಟ್ಟಡವು ಏಳತೊಡಗಿದುದು ಯಾವ ನ್ಯಾಯ? ಗಿರಿಜನರು ಪ್ರತಿಭಟಿಸಿದರು; 1997ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಕ್ರಮವಿರುದ್ಧವೆಂದು ತೀರ್ಮಾನಿಸಿತು. ಅರಣ್ಯವಾಸಿಗಳ ಹಕ್ಕನ್ನು ಮನ್ನಿಸುವ ಶಾಸನವು 2006ರಲ್ಲಿ ಬಂದಿತು. ಅದರ ಮೇರೆಗೆ ಬಂದ ಅರ್ಜಿಯೊಂದು ಕಚೇರಿಯ ಕಡತದಲ್ಲಿ ಕಳೆಯುವ ಪ್ರತಿದಿನವೂ ಒಂದು ಕುಟುಂಬದ ಬಾಳಿನಿಂದ ಕಳೆದ ದಿನವೆಂಬುದನ್ನು ಅಧಿಕಾರಿ ಮಹಾಶಯರು ಮರೆಯಬಾರದು.

ನಾಡನ್ನೇ ಕಳೆದುಕೊಂಡವರೂ ಈ ಸೀಮೆಯಲ್ಲಿದ್ದಾರೆ. ಪಿರಿಯಾಪಟ್ಟಣದ ಬೈಲುಕುಪ್ಪೆಗೆ 1960ರ ಸುಮಾರಿಗೆ ಬಂದ ಟಿಬೆಟ್ಟಿನ ನಿರಾಶ್ರಿತರು ಕಾಡು ಕಡಿದು ಜೋಳ ಬಿತ್ತಿದರು. 1963ರಲ್ಲಿ ಪೆನೋರ್ ರಿಂಪೋಚೆಯವರು ನಾಮ್‌ಡ್ರೋಲಿಂಗ್ ಮಠಕ್ಕೆ ತಳಹದಿ ಹಾಕಿದರು. ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಪದವಿ ಪಡೆದು ಊರಿಗೆ ಮರಳಿ ಬೇಸಾಯ ಹಿಡಿದುದನ್ನೂ, ಬಳಿಕ ಅವರ ಆಡಳಿತದಲ್ಲಿಯೇ 1974ರಲ್ಲಿ ಉಳುವವನಿಗೆ ಭೂಮಿ ದೊರೆಯುವ ತಿದ್ದುಪಡಿ ಜಾರಿಯಾದುದನ್ನೂ ಇಲ್ಲಿಯೇ ಸ್ಮರಿಸಬಹುದು.

ಇನ್ನು ಹೊಗೆಸೊಪ್ಪಿನ ವಿಷಯ. ಭತ್ತದ ಸೀಮೆಯೆನಿಸಿದ ಕೃಷ್ಣರಾಜನಗರವೂ ಸೇರಿ ಈ ನಾಲ್ಕು ತಾಲ್ಲೂಕುಗಳ ಸಹಸ್ರಾರು ರೈತರ ಬದುಕು ಆ ಎಲೆಯ ಮೇಲೆ ನಿಂತಿದೆ. ಮುಂಗಾರಿಗೆ ಮುನ್ನಿನ ಮಳೆಗೆ ಸಸಿ ನೆಟ್ಟು, ಎಲೆ ಮುರಿದು, ಬೇರನ್ನಿನೊಳಗೆ ಸೌದೆಯ ಉರಿಗೆ ಹಗಲಿರುಳು ಕಾವಲಿದ್ದು ಹದಮಾಡಿ, ಹರಾಜು ಕಟ್ಟೆಯಲ್ಲಿ ಕೈಕಟ್ಟಿ ನಿಲ್ಲುವ ರೈತನಿಗೆ ತನ್ನ ಎಲೆಯಿಂದ ಜನಕ್ಕೆ ಕೇಡೆಂಬುದು ತಿಳಿಯದುದಲ್ಲ. ಆದರೆ ಮಕ್ಕಳ ಶುಲ್ಕವೂ ಮಗಳ ಮದುವೆಯೂ ಅದರಿಂದಲೇ ನಡೆಯಬೇಕು. ಇಂಥವನ ಮುಂದೆ ಇಕಿಗಾಯ್ ಪುಸ್ತಕವನ್ನು ಹಿಡಿಯುವುದು ಅಪಹಾಸ್ಯವಾದೀತು. 1975ರ ಶಾಸನದಂತೆ ಅವನಿಗೆ ಪರವಾನಗಿ ಕೊಡುವುದು ಸರ್ಕಾರದ ಮಂಡಳಿ; ತಂಬಾಕಿನ ನಿಯಂತ್ರಣಕ್ಕೂ ಬೆಳೆಗಾರರಿಗೆ ಬೇರೆ ಜೀವನೋಪಾಯದ ಉತ್ತೇಜನಕ್ಕೂ 2004ರಲ್ಲಿ ಜಾಗತಿಕ ಒಡಂಬಡಿಕೆಯನ್ನು ಸ್ಥಿರೀಕರಿಸಿದುದೂ ಸರ್ಕಾರವೇ. ಎಲೆಯನ್ನು ಬಿಟ್ಟವನು ಯಾವ ಪೈರನ್ನು ಇಡಬೇಕು, ಅದನ್ನು ಕೊಳ್ಳುವವರು ಯಾರು, ಯಾವ ಬೆಲೆಗೆ ಎಂಬುದಕ್ಕೆ ಉತ್ತರವು ಸಸಿಮಡಿಗಳಿಗೆ ಬೀಜ ಚೆಲ್ಲುವುದಕ್ಕೆ ಮುಂಚೆಯೇ ಅವನ ಕೈಸೇರಬೇಕು.