ಸಿಪಾಯಿಯ ಮೆಡಲು, ದಫ್ತರದ ಸಾಲು

ಮುಧೋಳವೆಂದೊಡನೆ ಕನ್ನಡ ಕಾವ್ಯವನ್ನು ಓದಿದವರಿಗೆ ನೆನಪಾಗುವವನು ರನ್ನ. ಹತ್ತನೆಯ ಶತಮಾನದ ಈ ಬಳೆಗಾರರ ಮನೆಯ ಮಗ ತನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಯಿಸುತ್ತಾನೆ. ಕುರುಪತಿ ದ್ರೋಣನ ಮುಂದೆ ನಿಲ್ಲುತ್ತಾನೆ, ಅಭಿಮನ್ಯುವಿನ ಮುಂದೆ ನಿಲ್ಲುತ್ತಾನೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ ನಿಲ್ಲುತ್ತಾನೆ. ಅವರವರಿಗೆ ಸಲ್ಲಬೇಕಾದ ಮಾತನ್ನು ಸಲ್ಲಿಸಿ ಮುಂದೆ ಹೋಗುತ್ತಾನೆ. ಅರಸನಿಗೆ ತನ್ನ ದಂಡಿನವರ ಮುಖ ಗೊತ್ತಿರುತ್ತಿದ್ದ ಕಾಲದ ಕಲ್ಪನೆಯದು. ಆದರೆ ಆ ರಣರಂಗದಲ್ಲಿಯೂ ಕಾಲಾಳು ಹೆಸರಿಲ್ಲದೆಯೇ ಬಿದ್ದಿದ್ದಾನೆ. ಅವನ ಹೆಸರನ್ನು ಉಳಿಸುವ ಹೊಣೆಯನ್ನು ನಮ್ಮ ನಾಡಿನಲ್ಲಿ ಹೊತ್ತುಕೊಂಡದ್ದು ವೀರಗಲ್ಲು. ಇಂಥ ಊರಿನ ಇಂಥವನ ಮಗ ಇಂಥವನು, ಇಂಥ ಕಾಳಗದಲ್ಲಿ ಹೋರಿದ, ಇಂಥವರು ಈ ಕಲ್ಲನ್ನು ನಿಲ್ಲಿಸಿದರು, ಎಂಬಷ್ಟು ಅದರಲ್ಲಿರುತ್ತದೆ. ಇಂದಿನ ಸೈನ್ಯದ ದಫ್ತರದಲ್ಲಿ ಒಬ್ಬ ಸಿಪಾಯಿಯ ಬಗೆಗೆ ಬರೆದಿಡುವುದೂ ಹೆಚ್ಚುಕಡಿಮೆ ಇಷ್ಟೇ.

ಇಷ್ಟೇ ಆದರೂ ಈ ಬರಹದಲ್ಲಿ ಒಂದು ಸಾಲು ಬಿಟ್ಟುಹೋದರೆ ಆಗುವುದೇನು ಎಂಬುದು ಇಂದಿನ ನನ್ನ ವಿಷಯ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನ ಹಳ್ಳಿಗಳಲ್ಲಿ ದಂಡಿನಿಂದ ಮರಳಿ ಬಂದು ಹೊಲ ನೋಡಿಕೊಂಡಿರುವ, ಇಲ್ಲವೆ ಮಗ್ಗದ ಮನೆಯಲ್ಲಿ ಕಾಲ ಕಳೆಯುತ್ತಿರುವ ಹಿರಿಯರಿದ್ದಾರೆ. ಅಂಥವರಲ್ಲಿ ಕೆಲವರು ಇಳಿವಯಸ್ಸಿನಲ್ಲಿ ಒಂದು ಅರ್ಜಿ ಬರೆಸುತ್ತಾರೆ. ನಾನು ಇಂಥ ವರ್ಷ ಇಂಥ ಪಲಟಣದಲ್ಲಿದ್ದೆ, ಇಂಥ ಯುದ್ಧದಲ್ಲಿದ್ದೆ, ಅದಕ್ಕೆ ಸಲ್ಲಬೇಕಾದ ಮೆಡಲು ನನಗೆ ಬಂದಿಲ್ಲ, ದಾಖಲೆಯನ್ನು ಸರಿಪಡಿಸಿ ಕೊಡಿಸಬೇಕು ಎಂದು.

ಮೊದಲೇ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮೆಡಲೆಂದರೆ ಜನ ಪರಮವೀರ ಚಕ್ರ, ಮಹಾವೀರ ಚಕ್ರಗಳನ್ನೇ ನೆನೆಯುತ್ತಾರೆ. ಅವು ಶೌರ್ಯಕ್ಕೆ ಕೊಡುವಂಥವು. ಅವನ್ನು ಬೇಡಿ ಪಡೆಯುವುದಿಲ್ಲ. ಸೇವಾ ಪದಕಗಳ ಜಾತಿಯೇ ಬೇರೆ. ಒಬ್ಬ ಸಿಪಾಯಿ ಗೊತ್ತಾದ ಕಾಲದಲ್ಲಿ ಗೊತ್ತಾದ ಸ್ಥಳದಲ್ಲಿ ಕರ್ತವ್ಯದ ಮೇಲಿದ್ದನೆಂಬುದಕ್ಕೆ ಅವು ಸಾಕ್ಷಿ. 1965ರ ಯುದ್ಧದಲ್ಲಿ ರಣಕ್ಷೇತ್ರದಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್. ಆ ಕಾಲದಲ್ಲಿ ಸೈನ್ಯದಲ್ಲಿದ್ದು ಗೊತ್ತಾದ ಸೇವೆ ಪೂರೈಸಿದವರಿಗೆ ರಕ್ಷಾ ಪದಕ. 1971ರಲ್ಲಿ ಪೂರ್ವದ ರಂಗದಲ್ಲಿದ್ದವರಿಗೆ ಪೂರ್ವೀ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮೀ ಸ್ಟಾರ್, ಅದರೊಡನೆ ಸಂಗ್ರಾಮ ಪದಕ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ಪದಕ. ಸೈನ್ಯ ಸೇವಾ ಪದಕದ ಪಟ್ಟಿಯ ಮೇಲೆ ಹಿಮಾಲಯವೆಂದೋ ಜಮ್ಮು-ಕಾಶ್ಮೀರವೆಂದೋ ಸೇವೆಯ ಪ್ರದೇಶದ ಹೆಸರು ಕೂಡ ಇರುತ್ತದೆ. ಎಂದರೆ ಎದೆಯ ಮೇಲಿನ ಆ ಬಣ್ಣಬಣ್ಣದ ಪಟ್ಟಿಗಳ ಸಾಲು ಬಲ್ಲವರಿಗೆ ಓದಲು ಬರುವಂಥ ಒಂದು ಆತ್ಮಕಥೆ. ಅದರಲ್ಲಿ ಒಂದು ಪಟ್ಟಿ ಕಾಣೆಯಾದರೆ ಬಾಳಿನ ಒಂದು ಅಧ್ಯಾಯವೇ ಹರಿದುಹೋದಂತೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಮೊದಲನೆಯ ಪಲಟಣ 1971ರ ಡಿಸೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದ ಜಮಾಲಪುರದಲ್ಲಿ ಕಾದಿತು. ಅಲ್ಲಿದ್ದವನೊಬ್ಬನ ಕಾಗದದಲ್ಲಿ ಪೂರ್ವೀ ಸ್ಟಾರಿನ ನಮೂದು ಇಲ್ಲದಿದ್ದರೆ, ಕಾಗದದ ಮಟ್ಟಿಗೆ ಆತ ಜಮಾಲಪುರವನ್ನು ನೋಡಿಯೇ ಇಲ್ಲ.

ಸಾಲು ಬಿಟ್ಟುಹೋಗುವುದಾದರೂ ಹೇಗೆ? ಸೈನ್ಯದಲ್ಲಿ ಸಿಪಾಯಿಯ ಬದುಕಿನಲ್ಲಿ ನಡೆಯುವ ಪ್ರತಿಯೊಂದು ಸಂಗತಿಯೂ, ಎಂದರೆ ಮದುವೆ, ಮಗುವಿನ ಜನನ, ವರ್ಗ, ಬಡ್ತಿ, ಆಸ್ಪತ್ರೆಗೆ ಸೇರಿದ್ದು, ಪದಕಕ್ಕೆ ಅರ್ಹನಾದದ್ದು, ಎಲ್ಲವೂ ಅವನ ಪಲಟಣದ ಕಚೇರಿಯಿಂದ ಒಂದು ಆಜ್ಞೆಯಾಗಿ ಹೊರಡಬೇಕು. ಅದಕ್ಕೆ ಎರಡನೆಯ ಭಾಗದ ಆಜ್ಞೆ, ಪಾರ್ಟ್ ಟೂ ಆರ್ಡರ್, ಎಂದು ಹೆಸರು. ಆ ಆಜ್ಞೆ ರೆಜಿಮೆಂಟಿನ ದಾಖಲೆ ಕಚೇರಿಗೆ ಹೋಗಿ ಅಲ್ಲಿ ಅವನ ಹಾಳೆಯ ಮೇಲೆ ಏರಬೇಕು. ಮರಾಠಾ ದಳದವರದು ಬೆಳಗಾವಿ, ತೋಪಖಾನೆಯವರದು ನಾಸಿಕ, ಮದ್ರಾಸ್ ರೆಜಿಮೆಂಟಿನವರದು ವೆಲ್ಲಿಂಗ್ಟನ್. ಈಗ ಯುದ್ಧಕಾಲವನ್ನು ಊಹಿಸಿಕೊಳ್ಳಿ. ಪಲಟಣ ಗಡಿಯಲ್ಲಿದೆ, ಕಾರಕೂನನೂ ಬಂದೂಕು ಹಿಡಿದಿದ್ದಾನೆ. ಗಾಯಗೊಂಡ ಸಿಪಾಯಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗುತ್ತಾನೆ. ಗುಣವಾದ ಮೇಲೆ ಬೇರೊಂದು ಪಲಟಣಕ್ಕೆ ವರ್ಗವಾಗುತ್ತಾನೆ. ಹಳೆಯ ಪಲಟಣದವರು ಅವನು ನಮ್ಮವನಲ್ಲವೆಂದು ಬಿಡುತ್ತಾರೆ, ಹೊಸ ಪಲಟಣದವರು ಆಗ ಅವನು ನಮ್ಮಲ್ಲಿರಲಿಲ್ಲವೆಂದು ಬಿಡುತ್ತಾರೆ. ಯಾರದೂ ತಪ್ಪಿಲ್ಲ, ಆದರೆ ಸಾಲು ಮಾತ್ರ ಇಲ್ಲ. ಇದಲ್ಲದೆ ಪದಕದ ನಿಯಮಗಳು ಯುದ್ಧ ಮುಗಿದ ಮೇಲೆ ಹೊರಡುವಂಥವು. ನಿಯಮ ಹೊರಟು, ಯಾದಿ ತಯಾರಾಗಿ, ಪದಕ ಟಂಕಿಸಿ ಬರುವಷ್ಟರಲ್ಲಿ ಎಷ್ಟೋ ಜನ ಬಿಡುಗಡೆ ಹೊಂದಿ ಊರು ಸೇರಿರುತ್ತಾರೆ.

ಊರು ಸೇರಿದರೆಂದೆ. ನಮ್ಮ ಈ ಭಾಗದ ತೊಡಕು ಇರುವುದು ಇಲ್ಲಿಯೇ. ಬೇರೆ ಸೀಮೆಯವರಿಗೆ ಇದು ಅಷ್ಟಾಗಿ ತಿಳಿಯಲಾರದು. ಸ್ವಾತಂತ್ರ್ಯಕ್ಕೆ ಮುಂಚೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗಲಿಗೆ ಸೇರಿದ್ದು, ಅದಕ್ಕೆ ಅಂಟಿಕೊಂಡಂತಿರುವ ಬನಹಟ್ಟಿ ಜಮಖಂಡಿಯದು. ಬೀಳಗಿಯಾದರೋ ಇಂಗ್ಲಿಷರ ವಿಜಾಪುರ ಜಿಲ್ಲೆಯದು. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ನಾಲ್ಕು ಆಡಳಿತಗಳನ್ನು ದಾಟಬಹುದಾಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಊರುಗಳೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ವಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಯಿತು. 2014ರಲ್ಲಿ ಉಳಿದ ವಿಜಾಪುರ ವಿಜಯಪುರವಾಯಿತು. ಎರಡನೆಯ ಮಹಾಯುದ್ಧದಲ್ಲಿ ಮುಧೋಳ ಸಂಸ್ಥಾನವೆಂದು ಬರೆಸಿ ಭರ್ತಿಯಾದ ಮನುಷ್ಯನ ಮೊಮ್ಮಗ ಇಂದು ಬಾಗಲಕೋಟೆ ಜಿಲ್ಲೆಯಿಂದ ಅರ್ಜಿ ಹಾಕಿದರೆ, ದೂರದ ದಫ್ತರದ ಗುಮಾಸ್ತನಿಗೆ ಇವೆರಡೂ ಒಂದೇ ಊರೆಂದು ಹೇಳಿಕೊಡುವವರು ಯಾರು? ಮುಧೋಳವೆಂಬ ಊರು ತೆಲಂಗಾಣದಲ್ಲೂ ಒಂದಿದೆ, ಬಿಜಾಪುರವೆಂಬ ಜಿಲ್ಲೆ ಛತ್ತೀಸಗಡದಲ್ಲೂ ಇದೆ. (ಮುಧೋಳದ ಬೇಟೆನಾಯಿಗಳಿಗೆ ಈ ಸಂಕಟವಿಲ್ಲ. 2016ರಲ್ಲಿ ಮೀರತ್ತಿನ ಸೈನಿಕ ಕೇಂದ್ರಕ್ಕೆ ತರಬೇತಿಗೆ ಹೋದ ಮರಿಗಳ ಊರಿನ ಹೆಸರು ತಳಿಯ ಹೆಸರಿನಲ್ಲಿಯೇ ಭದ್ರವಾಗಿದೆ.)

ಬೀಳಗಿಯ ಕಥೆ ಇನ್ನೂ ಕಠಿಣ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಈ ತಾಲೂಕಿನ ಅನೇಕ ಹಳ್ಳಿಗಳು ಮುಳುಗಿದವು. ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಸಿಪಾಯಿಯ ಕಾಗದದಲ್ಲಿರುವ ಊರು, ಅಂಚೆ, ಮನೆ ಎಲ್ಲ ಕೃಷ್ಣೆಯ ಕೆಳಗೆ. ದಾಖಲೆ ಕಚೇರಿಯವರು ಕಳಿಸಿದ ಪತ್ರ ವಿಳಾಸದಾರ ಸಿಕ್ಕಲಿಲ್ಲವೆಂದು ಮರಳಿದರೆ ಅಂಚೆಯವನನ್ನು ಬೈದು ಫಲವಿಲ್ಲ. ಮುಳುಗದ ಊರುಗಳಲ್ಲಿಯೂ ನೀರು ತನ್ನ ಪಾಲನ್ನು ಬಿಟ್ಟಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಕೃಷ್ಣೆಗಳು ಉಕ್ಕಿದಾಗ ಮುಧೋಳ, ಜಮಖಂಡಿ ತಾಲೂಕುಗಳ ದಂಡೆಯ ಮನೆಗಳೊಳಗೆ ನೀರು ಹೊಕ್ಕಿತು. ಅಂಥ ಮನೆಯ ಟ್ರಂಕಿನಲ್ಲಿದ್ದ ಕಾಗದದ ಗತಿಯನ್ನು ವಿವರಿಸಬೇಕಿಲ್ಲ.

ಇನ್ನು ಹೆಸರು. ನಮ್ಮಲ್ಲಿ ಬಸಪ್ಪ, ಮಲ್ಲಪ್ಪ, ಯಲ್ಲಪ್ಪರಿಗೆ ಬರವಿಲ್ಲ. ಅಡ್ಡಹೆಸರು ಕೆಲವೊಮ್ಮೆ ಊರಿನದು, ಕೆಲವೊಮ್ಮೆ ಕಸುಬಿನದು, ಕೆಲವೊಮ್ಮೆ ಭರ್ತಿಯ ದಿನ ಪಕ್ಕದಲ್ಲಿ ನಿಂತವನು ಹೇಳಿದ್ದು. ಅದನ್ನು ಮರಾಠಿಯಲ್ಲಿ ಕೇಳಿಸಿಕೊಂಡು, ಹಿಂದಿಯಲ್ಲಿ ಉಚ್ಚರಿಸಿ, ರೋಮನ್ ಲಿಪಿಯಲ್ಲಿ ಬರೆದಾಗ ಹುಟ್ಟುವ ಮನುಷ್ಯನನ್ನು ಅವನ ತಾಯಿಯೂ ಗುರುತಿಸಲಾರಳು. ಆದ್ದರಿಂದಲೇ ಸೈನ್ಯದಲ್ಲಿ ಹೆಸರಿಗಿಂತ ನಂಬರು ದೊಡ್ಡದು. ಅರ್ಜಿ ಬರೆಯುವವರು ಮೊದಲು ಬರೆಯಬೇಕಾದದ್ದು ಸೇವಾ ನಂಬರನ್ನು. ಅದನ್ನು ಮರೆತ ಮಾಜಿ ಸೈನಿಕ ವಿರಳ. ಹೆಂಡತಿಯ ತವರೂರನ್ನು ಮರೆತಾನು, ನಂಬರನ್ನು ಮರೆಯಲಾರ. ಆದರೆ ಅವನು ತೀರಿಕೊಂಡ ಮೇಲೆ ಮನೆಯವರಿಗೆ ಅದು ತಿಳಿದಿರುವುದು ಅಪರೂಪ.

ಎಲ್ಲಕ್ಕೂ ಮಿಗಿಲಾದ ಒಂದು ಸಂಗತಿಯಿದೆ. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸಿಪಾಯಿಯ ಕಾಗದಗಳನ್ನು ಸೈನ್ಯ ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ನಿಯಮದ ಪ್ರಕಾರ ಇಪ್ಪತ್ತೈದು ವರ್ಷ, ಆಮೇಲೆ ನಾಶ. ಉಳಿಯುವುದು ಲಾಂಗ್ ರೋಲ್ ಎಂಬ ಯಾದಿಯಲ್ಲಿನ ಸಂಕ್ಷಿಪ್ತ ನಮೂದು. 1962ರ ಚೀನೀ ಯುದ್ಧದ ತರುವಾಯ ಅವಸರದಲ್ಲಿ ಭರ್ತಿಯಾಗಿ, ಕೆಲವೇ ವರ್ಷ ದುಡಿದು, ಪಿಂಚಣಿಯ ಅವಧಿ ಮುಟ್ಟುವ ಮುಂಚೆಯೇ ಮರಳಿದವನ ಕಾಗದಗಳು ಅವನು ಅಜ್ಜನಾಗುವ ಹೊತ್ತಿಗೆ ಬೂದಿಯಾಗಿರುತ್ತವೆ. ಆಗ ಅವನ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಮೂಲ ದಾಖಲೆ. ಸರಕಾರದ ದಫ್ತರವೇ ಅವನ ಟ್ರಂಕನ್ನು ಅವಲಂಬಿಸಬೇಕಾದ ವಿಚಿತ್ರ ಸ್ಥಿತಿ. ಆ ಪುಸ್ತಕವನ್ನು ಮಕ್ಕಳ ಆಟಕ್ಕೂ ಗೆದ್ದಲಿಗೂ ಬಿಟ್ಟ ಮನೆಗಳುಂಟು. ಇದನ್ನು ಕೇಳುತ್ತಿರುವವರ ಮನೆಯಲ್ಲಿ ಅಂಥದೊಂದು ಪುಸ್ತಕವಿದ್ದರೆ ಇಂದೇ ಅದರ ಎರಡು ನಕಲು ತೆಗೆಸಿ ಬೇರೆ ಬೇರೆ ಮನೆಗಳಲ್ಲಿ ಇಡಿರಿ.

ದಫ್ತರ ಸುಡುವುದು ನಮ್ಮಲ್ಲಿ ಮಾತ್ರವಲ್ಲ. 1940ರಲ್ಲಿ ಜರ್ಮನರ ಬಾಂಬಿಗೆ ಲಂಡನ್ನಿನ ಉಗ್ರಾಣವೊಂದು ಹೊತ್ತಿಕೊಂಡು ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ಸೇವಾ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೂದಿಯಾದವು. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಯ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 160 ಲಕ್ಷದಿಂದ 180 ಲಕ್ಷ ಕಡತಗಳು ಹೋದವು. ಆದರೆ ಅವರು ಅಲ್ಲಿಗೇ ಕೈಚೆಲ್ಲಲಿಲ್ಲ. ಸಂಬಳದ ಪಟ್ಟಿ, ಆಸ್ಪತ್ರೆಯ ಪುಸ್ತಕ ಮೊದಲಾದ ಬೇರೆಡೆಯ ಕಾಗದಗಳಿಂದ ಒಬ್ಬೊಬ್ಬನ ಸೇವೆಯನ್ನೂ ಮತ್ತೆ ಹೆಣೆದುಕೊಡುವ ಕೆಲಸಕ್ಕೆ ಕೂತರು. ಲಂಡನ್ನಿನಲ್ಲಿಯೂ ಪದಕಗಳ ಯಾದಿ ಬೇರೆಡೆ ಇದ್ದುದರಿಂದ ಉಳಿದುಕೊಂಡಿತು. ಕಾಗದ ಸುಟ್ಟವನ ಹೆಸರು ಪದಕದ ಯಾದಿಯಿಂದಲೇ ಮರಳಿ ದೊರೆತ ಉದಾಹರಣೆಗಳುಂಟು.

ನಮ್ಮ ಸಿಪಾಯಿಯ ಅರ್ಜಿಯೂ ಇದೇ ಹಾದಿಯನ್ನು ಹಿಡಿಯಬೇಕು. ನನ್ನ ಮೆಡಲು ಬಂದಿಲ್ಲವೆಂದು ಮಾತ್ರ ಬರೆದರೆ, ದಾಖಲೆಯಲ್ಲಿ ನಮೂದಿಲ್ಲವೆಂದು ಒಂದು ಸಾಲಿನ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಕೇಳಬೇಕಾದದ್ದು ನಮೂದನ್ನು. ಇಂಥ ತಿಂಗಳು ನಾನು ಇಂಥ ಪಲಟಣದ ಇಂಥ ಕಂಪನಿಯಲ್ಲಿದ್ದೆ. ಆ ಪಲಟಣ ಆಗ ಇಂಥ ರಂಗದಲ್ಲಿತ್ತೆಂಬುದು ಅದರ ಯುದ್ಧ ದಿನಚರಿಯಲ್ಲಿದೆ. ನನ್ನ ವರ್ಗದ ಆಜ್ಞೆಯ ತಾರೀಖು ಇದು. ನನ್ನೊಡನಿದ್ದು ಪದಕ ಪಡೆದವರು ಇಂಥವರು. ಹೀಗೆ ಕಟ್ಟಿಕೊಟ್ಟ ಅರ್ಜಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ದಾಖಲೆ ಕಚೇರಿಗೆ ಕಳಿಸಬೇಕು. ತನ್ನ ಕಾಗದದ ನಕಲನ್ನು ಕೇಳಿ ಪಡೆಯಲು 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಎಲ್ಲಿಯೂ ಆಗದಿದ್ದರೆ 2007ರ ಕಾಯಿದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಕಚೇರಿಗಳು ನಿಧಾನವೆಂಬುದು ನಿಜ. ಆದರೆ ಪ್ರಶ್ನೆಯನ್ನು ಸರಿಯಾಗಿ ಕೇಳಿದವನಿಗೆ ಉತ್ತರ ಸಿಕ್ಕುವ ಸಂಭವ ಹೆಚ್ಚು.

ಇಷ್ಟೆಲ್ಲ ಮಾಡಿದರೆ ಬರುವುದೇನು? ಸೇವಾ ಪದಕಕ್ಕೆ ದುಡ್ಡು ಅಂಟಿಕೊಂಡಿಲ್ಲ. ಅರ್ಜಿ ಬರೆದುಕೊಡುವವನಿಗೂ ಮುದುಕನಿಗೂ ನಡುವೆ ಇಂಥ ಮಾತು ನಡೆಯುವುದುಂಟು.

'ಅಜ್ಜಾರ, ಇದರಿಂದ ರೊಕ್ಕಾ ಏನೂ ಬರೂದಿಲ್ಲರಿ. ಯಾಕ ಈ ವಯಸ್ಸಿನಾಗ ಇಷ್ಟ ಓಡ್ಯಾಡ್ತೀರಿ?'

'ರೊಕ್ಕಾ ಯಾರ ಕೇಳ್ಯಾರಪಾ? ನಾ ಅಲ್ಲಿದ್ನಿ ಅಂತ ಬರದ ಕೊಡ್ರಿ, ಸಾಕು.'

ಈ ಮಾತನ್ನು ಮುದುಕನ ಹಟವೆಂದು ತಳ್ಳಿಬಿಡಲಾಗದು. ಅಲ್ಲಿದ್ದನೆಂಬುದು ಕಾಗದದ ಮೇಲೆ ಸಿದ್ಧವಾದರೆ, ಆ ಕಾಲದ ಗಾಯಕ್ಕೂ ಸೇವೆಗೂ ಸಂಬಂಧವನ್ನು ತೋರಿಸಲು ಅದು ನೆರವಾಗಬಹುದು. ಅಂಗವಿಕಲತೆಯ ಪಿಂಚಣಿಯ ಪ್ರಶ್ನೆ ನಿಲ್ಲುವುದೇ ಆ ಸಂಬಂಧದ ಮೇಲೆ. ಆದರೆ ಅಜ್ಜನ ಮನಸ್ಸಿನಲ್ಲಿರುವುದು ಅದೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲಟಣಗಳು ಮೆಸೊಪೊಟೇಮಿಯಾದ ಕುತ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಲುಕಿ 1916ರ ಏಪ್ರಿಲಿನಲ್ಲಿ ಸೆರೆಯಾದವು. ಆ ರಂಗದಲ್ಲಿ ಸತ್ತು ಗೋರಿಯೂ ಇಲ್ಲದವರ ನೆನಪಿಗೆ 1929ರಲ್ಲಿ ಬಸ್ರಾದಲ್ಲಿ ಸ್ಮಾರಕವೊಂದನ್ನು ಕಟ್ಟಿದರು. ಬ್ರಿಟಿಷರ ಹೆಸರುಗಳನ್ನು ಅದರ ಗೋಡೆಯ ಮೇಲೆ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಸಾಮಾನ್ಯ ಸಿಪಾಯಿಗಳನ್ನು ಪಲಟಣವಾರು ಸಂಖ್ಯೆಯಾಗಿ ನಮೂದಿಸಿ ಬಿಟ್ಟರು. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ ಈ ಅಸಮಾನತೆಯನ್ನು ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಕಾದಿ ಸತ್ತ ಹಲಗಲಿಯ ಬೇಡರ ಪುಣ್ಯ ಈ ವಿಷಯದಲ್ಲಿ ದೊಡ್ಡದು. ಜಡಗ, ಬಾಲ, ಹನುಮ, ರಾಮರ ಹೆಸರುಗಳನ್ನು ಲಾವಣಿಕಾರರು ಹಾಡಿ ಉಳಿಸಿದರು. ಬಸ್ರಾದಲ್ಲಿ ಅಂಕಿಯಾದವರಿಗೆ ಲಾವಣಿಯೂ ಇಲ್ಲ.

ಕಡೆಯದಾಗಿ ಅರ್ಜಿದಾರರಿಗೊಂದು ಸೂಚನೆ. ಪದಕದ ಅಂಚಿನಲ್ಲಿಯೋ ಹಿಂಬದಿಯಲ್ಲಿಯೋ ಪಡೆದವನ ನಂಬರು, ಹುದ್ದೆ, ಹೆಸರುಗಳನ್ನು ಸಣ್ಣ ರೋಮನ್ ಅಕ್ಷರಗಳಲ್ಲಿ ಕೆತ್ತಿರುತ್ತಾರೆ, ದಾಖಲೆಯಲ್ಲಿ ಇದ್ದದ್ದು ಇದ್ದ ಹಾಗೆಯೇ. ದಾಖಲೆಯಲ್ಲಿ ಹೆಸರು ಕೆಟ್ಟಿದ್ದರೆ ಲೋಹದ ಮೇಲೂ ಅದೇ ಕೆಟ್ಟ ಹೆಸರು ಬರುತ್ತದೆ. ಆದಕಾರಣ ಮೆಡಲನ್ನು ಕೇಳುವ ಮುಂಚೆ ಹೆಸರನ್ನು ಸರಿಪಡಿಸಿಕೊಳ್ಳಬೇಕು. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಪ್ರತಿಜ್ಞಾಪತ್ರ.