ಬಚ್ಚಲ ನೀರನ್ನು ಭೂಮಿ ತಿರುಗಿಸುತ್ತದೆಯೇ?

ಬಚ್ಚಲ ತೂತಿನಲ್ಲಿ ನೀರು ಇಳಿಯುವಾಗ ಸುಳಿ ಏಳೋದನ್ನ ನೀವೆಲ್ಲ ನೋಡಿರ್ತೀರಿ. ‘ಭೂಮಿ ತಿರುಗುವುದರಿಂದಲೇ ಈ ಸುಳಿ. ಉತ್ತರಾರ್ಧ ಗೋಳದಲ್ಲಿ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ, ದಕ್ಷಿಣಾರ್ಧ ಗೋಳದಲ್ಲಿ ಮುಳ್ಳಿನಂತೆ ಸುತ್ತುತ್ತದೆ’ ಎಂದು ಹೇಳುವವರಿದ್ದಾರೆ. ಇದು ನಿಜವೇ? ನೋಡೋಣ.

ಭೂಮಿ ತಿರುಗುವಾಗ ಸಮಭಾಜಕ ವೃತ್ತದ ಮೇಲಿನ ಜಾಗ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತದೆ. ಧ್ರುವದ ಕಡೆ ಹೋದಂತೆಲ್ಲ ಈ ವೇಗ ಕಡಿಮೆ. ಆದ್ದರಿಂದ ದೂರ ಬೀಸುವ ಗಾಳಿ ನೆಟ್ಟಗೆ ಹೋಗದೆ ನಮ್ಮ ಗೋಳಾರ್ಧದಲ್ಲಿ ಬಲಕ್ಕೆ ವಾಲುತ್ತದೆ. 1835ರಲ್ಲಿ ಇದರ ಲೆಕ್ಕವನ್ನು ಬರೆದ ಫ್ರಾನ್ಸಿನ ಕೊರಿಯೋಲಿಸ್ ಅವರ ಹೆಸರನ್ನೇ ಈ ಪರಿಣಾಮಕ್ಕೆ ಇಟ್ಟಿದ್ದಾರೆ. 1999ರಲ್ಲಿ ಒಡಿಶಾಕ್ಕೆ ಬಡಿದ ಚಂಡಮಾರುತ ಗಡಿಯಾರಕ್ಕೆ ಎದುರಾಗಿ ಸುತ್ತಿದ್ದು ಇದರಿಂದಲೇ.

ಆದರೆ ಚಂಡಮಾರುತ ನೂರಾರು ಕಿ.ಮೀ. ಅಗಲ, ದಿನಗಟ್ಟಲೆ ಇರುತ್ತದೆ. ಬೋಗುಣಿಯ ನೀರು ಅರ್ಧ ನಿಮಿಷದಲ್ಲಿ ಖಾಲಿ! ಅಷ್ಟರಲ್ಲಿ ಭೂಮಿ ತಿರುಗೋದು ಒಂದು ಡಿಗ್ರಿಯ ಎಂಟನೇ ಒಂದು ಭಾಗ ಮಾತ್ರ. ನೀರು ಸುರಿದ ರೀತಿ, ಪಾತ್ರೆಯ ಆಕಾರ, ಕೈ ತಾಗಿದ್ದು, ಇವುಗಳ ಪ್ರಭಾವವೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಹಾಗಾದರೆ ಭೂಮಿಯ ಪ್ರಭಾವ ನೀರಿನ ಮೇಲೆ ಇಲ್ಲವೇ ಇಲ್ಲವೇ? ಇದೆ, ಆದರೆ ತುಂಬಾ ಸಣ್ಣದು. 1962ರಲ್ಲಿ ಅಮೆರಿಕದ ವಿಜ್ಞಾನಿ ಆಶರ್ ಶಪಿರೋ ಆರು ಅಡಿ ಅಗಲದ ದುಂಡು ತೊಟ್ಟಿಯಲ್ಲಿ ಆರು ಇಂಚು ನೀರು ತುಂಬಿದರು. ಗಾಳಿ ತಾಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ 24 ಗಂಟೆ ಅಲುಗಾಡದಂತೆ ಬಿಟ್ಟರು. ಆಮೇಲೆ ಸಣ್ಣ ತೂತಿನಿಂದ ನೀರು ಬಿಟ್ಟಾಗ, ತೇಲಿಬಿಟ್ಟ ಕಡ್ಡಿ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಸುಮ್ಮನಿತ್ತು. ಕೊನೆಗೆ ಗಡಿಯಾರಕ್ಕೆ ಎದುರಾಗಿ ತಿರುಗಿತು. 1965ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇಂಥದ್ದೇ ಪ್ರಯೋಗ ನಡೆದಾಗ ನೀರು ಗಡಿಯಾರದ ಮುಳ್ಳಿನಂತೆ ಸುತ್ತಿತು. ಅಷ್ಟು ಜೋಪಾನ ಮಾಡಿದರೆ ಮಾತ್ರ ಭೂಮಿಯ ಕೈವಾಡ ಕಾಣುತ್ತೆ. ನಮ್ಮ ಕರ್ನಾಟಕ ಸಮಭಾಜಕಕ್ಕೆ ಹತ್ತಿರ ಇರೋದ್ರಿಂದ ಇಲ್ಲಿ ಆ ಪ್ರಭಾವ ಶಪಿರೋ ಅವರ ಊರಿನಲ್ಲಿ ಇದ್ದದ್ದರ ಅರ್ಧದಷ್ಟೂ ಇಲ್ಲ.

ಆಫ್ರಿಕಾದ ಕೀನ್ಯಾದಲ್ಲಿ ಸಮಭಾಜಕ ರೇಖೆಯ ಆಚೆ ಈಚೆ ಕೆಲವೇ ಹೆಜ್ಜೆ ನಡೆದು ನೀರು ಎರಡು ರೀತಿ ಸುತ್ತೋದನ್ನ ಪ್ರವಾಸಿಗಳಿಗೆ ತೋರಿಸ್ತಾರೆ. ಅಲ್ಲಿ ಈ ಪ್ರಭಾವ ಹೆಚ್ಚುಕಡಿಮೆ ಸೊನ್ನೆ. ನೀರನ್ನು ಯಾವ ಕಡೆಯಿಂದ ಸುರಿದರು ಅನ್ನೋದರಲ್ಲೇ ಇದೆ ಚಮತ್ಕಾರ!

ನೀವೂ ಮಾಡಿ ನೋಡಿ: ತಳ ತೂತಾದ ಹಳೇ ಬಕೆಟ್ಟನ್ನು ಎರಡು ಕಲ್ಲಿನ ಮೇಲಿಡಿ. ತೂತಿಗೆ ಕೆಳಗಿನಿಂದ ಬಟ್ಟೆ ತುರುಕಿ ನೀರು ತುಂಬಿ. ಕೈಯಿಂದ ಒಂದು ಸಲ ಎಡಕ್ಕೆ ತಿರುವಿ, ಎರಡು ನಿಮಿಷ ಬಿಟ್ಟು ಬಟ್ಟೆ ಎಳೆಯಿರಿ. ಒಣ ಹುಲ್ಲಿನ ಚೂರು ಹಾಕಿದರೆ ಸುತ್ತು ಚೆನ್ನಾಗಿ ಕಾಣುತ್ತೆ. ಮತ್ತೆ ತುಂಬಿ, ಈ ಸಲ ಬಲಕ್ಕೆ ತಿರುವಿ ನೋಡಿ. ನೀವು ತಿರುವಿದ ಕಡೆಗೇ ಸುಳಿ ಸುತ್ತುತ್ತೆ. ಯಾರು ಹೇಳಿದರೂ ಸರಿ, ಎಲ್ಲಿ ಓದಿದರೂ ಸರಿ, ಒಪ್ಪೋಕೆ ಮೊದಲು ಒಂದು ಬಕೆಟ್ ನೀರು ಖರ್ಚು ಮಾಡಿ. ಆ ನೀರನ್ನ ಗಿಡದ ಬುಡಕ್ಕೆ ಬಿಡೋದು ಮರೀಬೇಡಿ!