ಹಳೆಯ ಕಂದಾಯ ದಾಖಲೆಗಳಲ್ಲಿ ಪೂರ್ವಜರ ಶೋಧ: ಮನೋಳಿ ಮತ್ತು ಸುತ್ತಲಿನ ಗ್ರಾಮಗಳ ಅರ್ಜಿದಾರರಿಗೆ ಮಾಹಿತಿ

ವಾರಸಾ ದಾಖಲಿಸಲು, ವಂಶವೃಕ್ಷ ಪ್ರಮಾಣಪತ್ರ ಪಡೆಯಲು ಅಥವಾ ಹಿಸ್ಸೆ ಮಾಡಿಕೊಳ್ಳಲು ಬರುವ ಅರ್ಜಿದಾರರಿಗೆ ಅಜ್ಜನ ಹೆಸರಿನವರೆಗೆ ಸಾಮಾನ್ಯವಾಗಿ ತೊಂದರೆಯಿರುವುದಿಲ್ಲ. ಮುತ್ತಜ್ಜನ ಹೆಸರು ಕೇಳಿದಾಗ ಮನೆಯ ಹಿರಿಯರಲ್ಲಿ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಮತ್ತೊಂದು ಹೇಳುತ್ತಾರೆ. ಇಂತಹ ಸಂದರ್ಭದಲ್ಲಿ ಬರಹದ ಆಧಾರ ದೊರೆಯುವುದು ಹೆಚ್ಚಾಗಿ ಒಂದೇ ಕಡೆ, ಅಂದರೆ ಭೂಮಿಯ ಮೇಲೆ ಕಂದಾಯ ವಿಧಿಸಲು ಸರ್ಕಾರವು ಇರಿಸಿಕೊಂಡ ದಾಖಲೆಗಳಲ್ಲಿ. ಜನಗಣತಿಯು 19ನೇ ಶತಮಾನದಿಂದಲೇ ನಡೆದುಬಂದಿದ್ದರೂ ಅದರಿಂದ ಸಾರ್ವಜನಿಕರಿಗೆ ದೊರೆಯುವುದು ಒಟ್ಟು ಅಂಕಿಗಳೇ ಹೊರತು ಕುಟುಂಬದ ಹೆಸರುಗಳಲ್ಲ.

ಬೇರೆ ದೇಶಗಳಲ್ಲಿಯೂ ಇದೇ ಮಾರ್ಗ ಅನುಸರಿಸಿದ ಉದಾಹರಣೆಯಿದೆ. ಐರ್ಲೆಂಡಿನ 19ನೇ ಶತಮಾನದ ಜನಗಣತಿ ಪತ್ರಗಳಲ್ಲಿ ಬಹುಪಾಲು 1922ರಲ್ಲಿ ಡಬ್ಲಿನ್ ನಗರದ ದಾಖಲೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ನಾಶವಾದವು. ಉಳಿದವನ್ನು ಅದಕ್ಕೂ ಮೊದಲೇ ಸರ್ಕಾರವು ವಿಲೇವಾರಿ ಮಾಡಿತ್ತು. ಆದ್ದರಿಂದ ಅಲ್ಲಿಂದ ವಲಸೆ ಹೋದವರ ಸಂತತಿಯವರು 1847ರಿಂದ 1864ರ ಅವಧಿಯಲ್ಲಿ ಪ್ರಕಟವಾದ ಗ್ರಿಫಿತ್ ಆಸ್ತಿ ಮೌಲ್ಯಮಾಪನ ಪಟ್ಟಿಯಲ್ಲಿ ಪೂರ್ವಜರನ್ನು ಹುಡುಕುತ್ತಾರೆ. ತೆರಿಗೆಗಾಗಿ ಬರೆದ ಪಟ್ಟಿಯು ವಂಶದ ಪಟ್ಟಿಯಾಗಿ ಉಪಯೋಗಕ್ಕೆ ಬಂದಿದೆ. ಆದರೆ ಅದರಲ್ಲಿರುವುದು ಮನೆ, ಭೂಮಿ ಹೊಂದಿದವರ ಹೆಸರು ಮಾತ್ರ. ಹೆಂಡತಿ ಮಕ್ಕಳ ಹೆಸರಿಲ್ಲ. ಮನೋಳಿಯ ಉತಾರ ಓದುವವರೂ ಇದೇ ಎಚ್ಚರಿಕೆ ವಹಿಸಬೇಕು.

ಗ್ರಾಮದ ಹೆಸರು ಮತ್ತು ಹಿಂದಿನ ಆಡಳಿತ

ಇಂದು ಸವದತ್ತಿ ತಾಲೂಕಿನಲ್ಲಿ ಮುನವಳ್ಳಿ ಎಂದು ಬರೆಯಲಾಗುವ, ಮಲಪ್ರಭಾ ದಂಡೆಯ ಊರು ಮುಂಬಯಿ ಪ್ರಾಂತದ ಕಾಗದಪತ್ರಗಳಲ್ಲಿ ಮನೋಳಿ ಎಂದಿರುತ್ತದೆ. ತಾಲೂಕಿನ ಹೆಸರೂ ಆಗ ಸವದತ್ತಿ ಆಗಿರಲಿಲ್ಲ; ಪರಸಗಡ ತಾಲೂಕು ಎಂದಿತ್ತು. ಬೈಲಹೊಂಗಲ, ಕಿತ್ತೂರು ಭಾಗದ ಗ್ರಾಮಗಳನ್ನು ಸಂಪಗಾಂವ ತಾಲೂಕಿನ ಅಡಿಯಲ್ಲಿ ಹುಡುಕಬೇಕು. ಕಿತ್ತೂರು ಸಂಸ್ಥಾನವು 1824ರಲ್ಲಿ ಬ್ರಿಟಿಷರ ವಶಕ್ಕೆ ಹೋಯಿತು. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ. ಅದಕ್ಕಿಂತ ಹಿಂದಿನ ಪತ್ರಗಳು ಧಾರವಾಡದ ಹೆಸರಿನಲ್ಲಿರುತ್ತವೆ. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದು ತನ್ನದೇ ಆದ ಕಂದಾಯ ದಫ್ತರವನ್ನು ಹೊಂದಿತ್ತು. ತೊರಗಲ್ ಭಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆದಕಾರಣ ಮನೋಳಿಯ ಕುಟುಂಬದ ಒಂದು ಶಾಖೆ ಕೆಲವೇ ಹರದಾರಿ ದೂರದ ರಾಮದುರ್ಗ ಸೀಮೆಯಲ್ಲಿ ನೆಲೆಸಿದ್ದರೂ ಅದರ ದಾಖಲೆ ಪರಸಗಡದ ಪುಸ್ತಕಗಳಲ್ಲಿ ದೊರೆಯುವುದಿಲ್ಲ. ಅರ್ಜಿಯಲ್ಲಿ ಇಂದಿನ ಹೆಸರಿನೊಂದಿಗೆ ಹಳೆಯ ಗ್ರಾಮ ಹಾಗೂ ತಾಲೂಕಿನ ಹೆಸರನ್ನೂ ನಮೂದಿಸುವುದು ಒಳಿತು.

ಇಂದಿನ ಉತಾರದಿಂದ ಹಿಂದಕ್ಕೆ

ಶೋಧವನ್ನು ಹಳೆಯ ಕಾಲದಿಂದ ಪ್ರಾರಂಭಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಕೈಯಲ್ಲಿರುವ ಉತಾರದಿಂದ ಹಿಂದಕ್ಕೆ ಹೋಗಬೇಕು. ಪಹಣಿಯಲ್ಲಿ ಖಾತೆದಾರರ ಹೆಸರಿನೊಂದಿಗೆ ಆ ಹೆಸರು ದಾಖಲಾಗಲು ಕಾರಣವಾದ ಮ್ಯುಟೇಶನ್ ಸಂಖ್ಯೆ ಇರುತ್ತದೆ. ಈ ಭಾಗದ ಜನರು ಇದನ್ನು ಡೈರಿ ನಂಬರು ಎಂದೂ ಕರೆಯುತ್ತಾರೆ. ಆ ಸಂಖ್ಯೆಯ ನಕಲು ಪಡೆದರೆ ಹಕ್ಕು ಬಂದ ಬಗೆ ತಿಳಿಯುತ್ತದೆ. ಅದು ಖರೇದಿಯಾಗಿದ್ದರೆ ಆ ಜಮೀನಿನ ಮೂಲಕ ವಂಶದ ಶೋಧ ಅಲ್ಲಿಗೆ ನಿಲ್ಲುತ್ತದೆ. ಹಿಂದಿನ ಖಾತೆದಾರರು ಬೇರೆ ಮನೆತನದವರು. ವಾರಸಾ, ವಾಟ್ನಿ ಅಥವಾ ದತ್ತಕ ಆಗಿದ್ದರೆ ಮುಂದುವರಿಯಬಹುದು. ವಾರಸಾ ನಮೂದಿನಲ್ಲಿ ಮೃತರ ಹೆಸರು, ವಾರಸುದಾರರು ಮತ್ತು ಅವರ ಸಂಬಂಧ ಬರೆದಿರುತ್ತದೆ. ಮೃತರ ಹೆಸರು ಹಿಂದೆ ಯಾವಾಗ ದಾಖಲಾಯಿತು ಎಂಬುದನ್ನು ಹುಡುಕಿದರೆ ಮತ್ತೊಂದು ತಲೆಮಾರು ದೊರೆಯುತ್ತದೆ.

ಭೂಮಿ ಯೋಜನೆಯಡಿ ಗಣಕೀಕರಣವಾದ ಪಹಣಿ ಸುಮಾರು 2000ದಿಂದ ಈಚಿನದು. ಕರ್ನಾಟಕ ಭೂ ಕಂದಾಯ ಅಧಿನಿಯಮವು 1964ರ ಏಪ್ರಿಲ್ 1ರಂದು ಜಾರಿಗೆ ಬಂದಿದ್ದು, ಅಲ್ಲಿಂದ ಗಣಕೀಕರಣದವರೆಗಿನವು ಕೈಬರಹದ ಪಹಣಿಗಳು. ಅದಕ್ಕೂ ಹಿಂದೆ ಮುಂಬಯಿ ಪದ್ಧತಿಯ ಏಳು-ಹನ್ನೆರಡರ ಉತಾರವಿತ್ತು. ಈ ಉತಾರದಲ್ಲಿ ಕಂಸ ಹಾಕಿದ ಹೆಸರು ರದ್ದಾದದ್ದು ಎಂದು ತಿಳಿಯಬೇಕು; ಅರ್ಜಿದಾರರಿಗೆ ಬೇಕಾಗುವುದು ಹೆಚ್ಚಾಗಿ ಆ ರದ್ದಾದ ಹೆಸರುಗಳೇ. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಗೆ 1903ರಲ್ಲಿ ಕಾನೂನಾಯಿತು. ಆದ್ದರಿಂದ ಮ್ಯುಟೇಶನ್ ಸರಪಳಿಯು 20ನೇ ಶತಮಾನದ ಆರಂಭದವರೆಗೆ ಮಾತ್ರ ಹೋಗುತ್ತದೆ.

ಅದಕ್ಕೂ ಹಿಂದೆ ಹೋಗಲು ಮೋಜಣಿ ದಾಖಲೆಗಳಿವೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಪದ್ಧತಿಯಂತೆ ಪ್ರತಿ ಹೊಲಕ್ಕೆ ಸರ್ವೆ ನಂಬರು ಕೊಟ್ಟು, ಮಣ್ಣಿನ ಗುಣವನ್ನು ಆಣೆಗಳಲ್ಲಿ ಅಳೆದು, ಸಾಮಾನ್ಯವಾಗಿ 30 ವರ್ಷಗಳಿಗೆ ಆಕಾರ ನಿಗದಿಪಡಿಸಲಾಯಿತು. ಇದು 19ನೇ ಶತಮಾನದ ಮಧ್ಯಭಾಗದಲ್ಲಿ ಬೆಳಗಾವಿ ಜಿಲ್ಲೆಗೂ ಬಂದಿತು. ಹೆಸರು ಬದಲಾದರೂ, ಹೊಲ ಹಂಚಿಹೋಗಿ ಪೋಟ ಹಿಸ್ಸೆಗಳಾದರೂ ಮೂಲ ಸರ್ವೆ ನಂಬರು ಬಹುಮಟ್ಟಿಗೆ ಉಳಿದುಬಂದಿದೆ. ಹಿರಿಯರ ನೆನಪಿಗಿಂತ ಹೊಲದ ನಂಬರು ಹೆಚ್ಚು ನಂಬಿಕೆಗೆ ಅರ್ಹವೆಂದರೆ ತಪ್ಪಾಗಲಾರದು.

ಬರವಣಿಗೆ, ಸಂಕ್ಷೇಪ ಮತ್ತು ವರ್ಷ

ತೀರ ಹಳೆಯ ಪತ್ರಗಳು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇರುತ್ತವೆ. ಇವುಗಳನ್ನು ಬಲ್ಲವರಿಂದ ಓದಿಸಿ, ಲಿಪ್ಯಂತರದೊಡನೆ ಮೂಲದ ಪ್ರತಿಯನ್ನೂ ಇರಿಸಿಕೊಳ್ಳಬೇಕು. ಕನ್ನಡ ದಾಖಲೆಗಳಲ್ಲಿಯೂ ಕೆಲವು ಪದಗಳು ಇಂದಿನವರಿಗೆ ಹೊಸದಾಗಿ ತೋರಬಹುದು. "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ ಅಥವಾ ವಿಧವೆ. "ಅ.ಪಾ.ಕ." ಎಂದಿದ್ದರೆ ಖಾತೆದಾರನು ಆಗ ಅಜ್ಞಾನನಾಗಿದ್ದು ಪಾಲನಕರ್ತರು ಅವನ ಪರವಾಗಿದ್ದರೆಂದು ಅರ್ಥ. ಇದರಿಂದ ಆ ವ್ಯಕ್ತಿಯ ವಯಸ್ಸನ್ನು ಅಂದಾಜು ಮಾಡಬಹುದು. ತಂದೆ ಬೇಗ ತೀರಿಕೊಂಡಿದ್ದನ್ನೂ ಊಹಿಸಬಹುದು. ಅಡ್ಡಹೆಸರು ಎಲ್ಲ ಕಡೆ ಒಂದೇ ಇರಬೇಕೆಂದಿಲ್ಲ. ಒಂದೇ ಮನೆತನದ ಅಣ್ಣನಿಗೆ ಊರಿನ ಹೆಸರೂ ತಮ್ಮನಿಗೆ ಕಸುಬಿನ ಹೆಸರೂ ಬಿದ್ದಿರುವುದು ಅಪರೂಪವಲ್ಲ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿರುವುದರಿಂದ, ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ಭಾವಿಸಿ ಎರಡು ತಲೆಮಾರುಗಳನ್ನು ಬಿಟ್ಟುಬಿಡುವ ಸಂಭವವೂ ಉಂಟು.

ವರ್ಷಗಣನೆಯಲ್ಲಿಯೂ ಎಚ್ಚರವಿರಲಿ. ಶಕ ವರ್ಷಕ್ಕೆ 78 ಅಥವಾ 79, ಈ ಭಾಗದ ಫಸಲಿ ವರ್ಷಕ್ಕೆ 590 ಅಥವಾ 591, ಪೇಶವೆ ಕಾಲದ ಸುಹೂರ ಸನ್ನಿಗೆ 599 ಅಥವಾ 600 ಸೇರಿಸಿದರೆ ಕ್ರಿಸ್ತ ವರ್ಷ ಬರುತ್ತದೆ. ಸುಹೂರ 1201 ಮತ್ತು ಫಸಲಿ 1210 ಎರಡೂ 1800-01ನೇ ಸಾಲಿಗೆ ಸಲ್ಲುತ್ತವೆ.

ಪುಸ್ತಕದಲ್ಲಿ ಇಲ್ಲದವರು

ಕಂದಾಯದ ಪುಸ್ತಕವು ಹಣ ಕಟ್ಟಬೇಕಾದವರು ಯಾರು ಎಂಬುದನ್ನು ಬರೆದಿಡುತ್ತದೆ. ಮನೆಯಲ್ಲಿ ಯಾರು ಯಾರಿದ್ದರು ಎಂಬುದನ್ನಲ್ಲ. ಏಕತ್ರ ಕುಟುಂಬದಲ್ಲಿ ಮ್ಯಾನೇಜರನೆಂದು ಹಿರಿಯ ಮಗನ ಹೆಸರೊಂದೇ ಇದ್ದರೆ ಅವನಿಗೆ ತಮ್ಮಂದಿರೇ ಇರಲಿಲ್ಲವೆಂದು ಹೇಳಲಾಗದು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೊರತೆ ಇನ್ನೂ ಹೆಚ್ಚು. ವತನ ಜಮೀನುಗಳಿಗೆ ಸಂಬಂಧಿಸಿ 1886ರ ಮುಂಬಯಿ ಕಾಯಿದೆಯು, ಕೊನೆಯ ಪುರುಷ ವತನದಾರನ ವಿಧವೆಯನ್ನು ಬಿಟ್ಟು ಉಳಿದ ಸ್ತ್ರೀಯರನ್ನು ವತನ ಕುಟುಂಬದ ಎಲ್ಲ ಪುರುಷರ ನಂತರದ ಸ್ಥಾನದಲ್ಲಿರಿಸಿತು. ಮಗಳಿದ್ದರೂ ದೂರದ ದಾಯಾದಿಯ ಹೆಸರು ಏರಿದ ನಮೂದುಗಳಿಗೆ ಇದು ಕಾರಣವಾಗಿರಬಹುದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ನಂತರದ ವಾರಸಾಗಳಲ್ಲಿ ಹೆಂಡತಿ ಮತ್ತು ಹೆಣ್ಣುಮಕ್ಕಳ ಹೆಸರು ಇರಬೇಕಾದದ್ದು ಸಹಜ; ಇಲ್ಲದಿದ್ದಲ್ಲಿ ಹಕ್ಕು ಬಿಟ್ಟುಕೊಟ್ಟ ಬಗ್ಗೆ ಬರಹವಿದೆಯೇ ಎಂದು ನೋಡಬೇಕು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದ್ದು, ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹಳೆಯ ಉತಾರದಲ್ಲಿ ಹೆಸರಿಲ್ಲವೆಂಬ ಕಾರಣದಿಂದ ಅತ್ತೆ, ಸೋದರಿಯರನ್ನು ವಂಶವೃಕ್ಷದಿಂದ ಬಿಟ್ಟರೆ ಅವರ ಪಾಲಿಗೆ ಧಕ್ಕೆಯಾಗುತ್ತದೆ, ಮುಂದೆ ವ್ಯಾಜ್ಯಕ್ಕೂ ಎಡೆಯಾಗುತ್ತದೆ.

ಸ್ವಂತ ಭೂಮಿಯಿಲ್ಲದೆ ಗೇಣಿಯಿಂದ ಸಾಗುವಳಿ ಮಾಡಿದವರನ್ನು ಖಾತೆದಾರರ ಅಂಕಣದಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವರ ಹೆಸರು ಸಾಗುವಳಿದಾರರ ಅಂಕಣದಲ್ಲಿ ಇರಬಹುದು. 1974ರ ಭೂ ಸುಧಾರಣಾ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದ್ದಲ್ಲಿ ಆ ಕಡತವನ್ನು ತಪ್ಪದೆ ನೋಡಬೇಕು. ತಂದೆ, ಅಜ್ಜ ಯಾವ ಹೊಲ ಉಳುತ್ತಿದ್ದರೆಂಬ ಹೇಳಿಕೆ ಅದರಲ್ಲಿ ದೊರೆಯುವ ಸಾಧ್ಯತೆಯಿದೆ.

ಇದಕ್ಕೆ ವ್ಯತಿರಿಕ್ತವಾಗಿ ಗೌಡಕಿ, ಕುಲಕರ್ಣಿ, ದೇಸಾಯಿ ಮೊದಲಾದ ವತನ ಮನೆತನಗಳ ವಂಶಾವಳಿ ವಿವರವಾಗಿಯೇ ಸಿಗಬಹುದು. ಹಕ್ಕನ್ನು ಸ್ಥಾಪಿಸಲು ಅವರು ತಲೆಮಾರುಗಳನ್ನು ಬರೆದುಕೊಡಬೇಕಾಗಿತ್ತು. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಲ್ಲಿ ಆರಂಭವಾಗಿ 1852ರ ಕಾಯಿದೆಯಿಂದ ಅಧಿಕಾರ ಪಡೆದ ಇನಾಮು ವಿಚಾರಣೆಯ ಪತ್ರಗಳು ಪುಣೆಯ ಪತ್ರಾಗಾರದಲ್ಲಿವೆ.

ನಕಲು ಪಡೆಯುವ ಬಗೆ

ಕೈಬರಹದ ಪಹಣಿ ಮತ್ತು ಮ್ಯುಟೇಶನ್ ನಕಲಿಗೆ ತಹಶೀಲ್ದಾರರ ಕಚೇರಿಯ ಅಭಿಲೇಖಾಲಯಕ್ಕೂ, ಆಕಾರಬಂದ, ಟಿಪ್ಪಣಿ ಮುಂತಾದ ಮೋಜಣಿ ದಾಖಲೆಗಳಿಗೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೂ ಅರ್ಜಿ ಸಲ್ಲಿಸಬೇಕು. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯು 2024ರಲ್ಲಿ ಆರಂಭವಾಗಿದೆ. ಗ್ರಾಮ, ಸರ್ವೆ ನಂಬರು ಮತ್ತು ವರ್ಷ ಈ ಮೂರೂ ಇಲ್ಲದ ಅರ್ಜಿಯ ಮೇಲೆ ಹುಡುಕಾಟ ನಡೆಸುವುದು ಕಷ್ಟ. ಹಕ್ಕುದಾಖಲೆಯ ನಮೂದನ್ನು ಭೂ ಕಂದಾಯ ಅಧಿನಿಯಮದ 133ನೇ ಪ್ರಕರಣದಂತೆ ತದ್ವಿರುದ್ಧವಾಗಿ ರುಜುವಾತಾಗುವವರೆಗೆ ಸರಿಯೆಂದು ಭಾವಿಸಲಾಗುತ್ತದೆ.

ನವಿಲುತೀರ್ಥದ ಆಣೆಕಟ್ಟಿನ ಹಿನ್ನೀರಿನಲ್ಲಿ ಜಮೀನು ಮುಳುಗಡೆಯಾದ ಕುಟುಂಬಗಳಿಗೆ ಉತಾರದ ಸರಪಳಿ ಭೂಸ್ವಾಧೀನದಲ್ಲಿ ತುಂಡಾಗಿರುತ್ತದೆ. ಅಂತಹವರು ಸ್ವಾಧೀನದ ಐತೀರ್ಪಿನ ನಕಲು ಕೇಳಬೇಕು. ಪರಿಹಾರ ಪಡೆದವರ ಹೆಸರುಗಳು ಸರ್ವೆ ನಂಬರಿನ ಸಹಿತ ಅದರಲ್ಲಿರುತ್ತವೆ. ಆ ನಂಬರು ಹಿಡಿದು, ಮುಳುಗಡೆಗೆ ಹಿಂದಿನ ಉತಾರವನ್ನು ಹುಡುಕಲು ಬರುತ್ತದೆ.